ವೃದ್ಧಾಪ್ಯದ ದುಡಿಮೆಯೂ ಬೇಡವೆನ್ನುವ ಬಲವೂ

ಸರಕಾರದ ಕಚೇರಿಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸೇವೆ ಸಲ್ಲಿಸಿದ ನೌಕರನೊಬ್ಬನು ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಶಾಲು ಹೊದೆದು, ಮೈಸೂರು ಪೇಟ ಧರಿಸಿ, ಫಲತಾಂಬೂಲದ ತಟ್ಟೆಯನ್ನು ಹಿಡಿದು, ಸಹೋದ್ಯೋಗಿಗಳ ಪ್ರಶಂಸೆಯ ಮಾತುಗಳನ್ನು ಸಂಕೋಚದಿಂದ ಕೇಳಿಕೊಂಡು ಮನೆಗೆ ಹಿಂದಿರುಗುವ ದೃಶ್ಯ ನಮಗೆಲ್ಲ ಚಿರಪರಿಚಿತವಾದದ್ದು. ನಿವೃತ್ತಿಯೆಂದೊಡನೆ ಮನಸ್ಸಿನಲ್ಲಿ ಮೂಡುವುದು ಈ ಚಿತ್ರವೇ. ಇದು ಎಲ್ಲರ ಬಾಳಿನಲ್ಲಿಯೂ ಒಂದಲ್ಲ ಒಂದು ದಿನ ಬರತಕ್ಕ ಸಂದರ್ಭವೆಂದು ನಾವು ಯೋಚಿಸದೆಯೇ ಒಪ್ಪಿಕೊಂಡಿರುತ್ತೇವೆ. ಆದರೆ ಈ ನಾಡಿನಲ್ಲಿ ಕೈಕಾಲು ಸವೆಸಿ ದುಡಿಯುವ ಜನರ ಬಹುಭಾಗಕ್ಕೆ ಅಂತಹ ದಿನವೊಂದು ಬರುವುದೇ ಇಲ್ಲ. ಅವರಿಗೆ ಅರವತ್ತು ತುಂಬುತ್ತದೆ, ಅರವತ್ತೈದೂ ತುಂಬುತ್ತದೆ. ಕೆಲಸ ಮಾತ್ರ ಮೊದಲಿಗಿಂತ ಕೀಳಾದ ಸಂಬಳಕ್ಕೆ, ಮೊದಲಿಗಿಂತ ದೀರ್ಘವಾದ ಹೊತ್ತಿಗೆ, ಮೊದಲಿಗಿಂತ ಕಡಮೆಯಾದ ಮರ್ಯಾದೆಗೆ ಮುಂದುವರಿಯುತ್ತದೆ. ಕೇಂದ್ರ ಸರಕಾರದ ಆಶ್ರಯದಲ್ಲಿ 2017–18ರಲ್ಲಿ ನಡೆದ ವೃದ್ಧಾಪ್ಯದ ಅಧ್ಯಯನವು ಅರವತ್ತು ದಾಟಿದ ಭಾರತೀಯರಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು ಮಂದಿ ಇನ್ನೂ ದುಡಿಯುತ್ತಿರುವರೆಂದು ಕಂಡಿತು. ಇವರಲ್ಲಿ ಇಚ್ಛೆಯಿಂದ ದುಡಿಯುವವರೂ ಉಂಟು. ಗತ್ಯಂತರವಿಲ್ಲದೆ ದುಡಿಯುವವರನ್ನು ಕುರಿತು ಈ ಲೇಖನ.

ಬೆಂಗಳೂರಿನ ಯಾವ ಬಡಾವಣೆಯಲ್ಲಿಯೇ ಆಗಲಿ, ರಾತ್ರಿ ಹತ್ತರ ಮೇಲೆ ಅಪಾರ್ಟ್‌ಮೆಂಟುಗಳ ಗೇಟಿನ ಮುಂದೆ ಹಾದುಹೋಗುವವರು ಒಂದು ನಿಮಿಷ ನಿಂತು ನೋಡಬೇಕು. ಬೇರೊಬ್ಬನ ಅಳತೆಗೆ ಹೊಲಿದ ನೀಲಿ ಅಂಗಿ, ಅದರ ಒಳಗೆ ಹಳೆಯ ಸ್ವೆಟರು, ಟೋಪಿಯ ಕೆಳಗೆ ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರು, ಮುರಿದ ಕಾಲಿಗೆ ತಂತಿ ಬಿಗಿದ ಪ್ಲಾಸ್ಟಿಕ್ ಕುರ್ಚಿ, ದಾರದಲ್ಲಿ ಪೆನ್ನು ತೂಗುಹಾಕಿದ ರಿಜಿಸ್ಟರು—ಇವುಗಳ ನಡುವೆ ಕುಳಿತಿರುವಾತನು ಅನೇಕ ವೇಳೆ ಒಳಗೆ ಮಲಗಿರುವ ಮಾಲೀಕರ ತಂದೆಯ ವಯಸ್ಸಿನವನು. ಕಾರೊಂದು ಹಾರ್ನ್ ಮಾಡಿದರೆ ಅವನು ಮೊಳಕಾಲಿನ ಮೇಲೆ ಕೈಯೂರಿ ಏಳಬೇಕು, ಗೇಟು ಎಳೆಯಬೇಕು, ಸಂಖ್ಯೆ ಬರೆದುಕೊಳ್ಳಬೇಕು. ನಿದ್ರೆಹೋಗಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಕೆಲವೆಡೆ ಗಂಟೆಗೊಮ್ಮೆ ತನ್ನ ಫೋಟೋವನ್ನು ತಾನೇ ತೆಗೆದು ಸೂಪರ್‌ವೈಸರನ ವಾಟ್ಸಾಪ್ ಗುಂಪಿಗೆ ಕಳುಹಿಸಬೇಕು. ಪಾಳಿ ರಾತ್ರಿ ಎಂಟರಿಂದ ಬೆಳಗ್ಗೆ ಎಂಟರವರೆಗೆ. ಬೆಳಗಿನ ರಿಲೀವರ್ ಬಾರದೆ ಹೋದರೆ ಅದೇ ಕುರ್ಚಿಯಲ್ಲಿ ಇನ್ನೂ ಹನ್ನೆರಡು ಗಂಟೆ, ಅದಕ್ಕೆ ‘ಡಬಲ್ ಡ್ಯೂಟಿ’ ಎಂದು ಹೆಸರು. ವಾರದ ರಜೆಯಿಲ್ಲದೆ ದಿನಕ್ಕೆ ಹನ್ನೆರಡು ಗಂಟೆಯಂತೆ ದುಡಿದರೆ ವಾರಕ್ಕೆ 84 ಗಂಟೆಗಳಾಗುತ್ತವೆ. ಇಪ್ಪತ್ತೈದರ ತರುಣನಿಗೆ ಕಾನೂನು ವಿಧಿಸಿರುವ ಸಾಮಾನ್ಯ ಮಿತಿ ವಾರಕ್ಕೆ 48 ಗಂಟೆ.

ವಯಸ್ಸೆಷ್ಟು ಯಜಮಾನರೇ ಎಂದು ಇಂಥವರನ್ನು ಕೇಳಿದರೆ, “ಕಾರ್ಡಲ್ಲಿ ಅರವತ್ತೆರಡು ಸಾರ್” ಎಂಬ ಬಗೆಯ ಉತ್ತರ ದೊರೆಯುತ್ತದೆ. ಕಾರ್ಡಿನ ವಯಸ್ಸು ಬೇರೆ, ದೇಹದ ವಯಸ್ಸು ಬೇರೆ. ಹುಟ್ಟಿದ ದಿನವನ್ನು ಯಾರೂ ಬರೆದಿಡದ ಕಾಲದಲ್ಲಿ ಹುಟ್ಟಿದ ಲಕ್ಷಾಂತರ ಜನರ ಆಧಾರ್ ಚೀಟಿಯಲ್ಲಿ ಜನವರಿ 1 ಎಂಬ ತಾರೀಕೂ, ನೋಂದಣಿ ಮಾಡಿದಾತನು ಮುಖ ನೋಡಿ ಊಹಿಸಿದ ಇಸವಿಯೂ ಇರುತ್ತವೆ. ಆ ಊಹೆಯ ಬೆಲೆಯನ್ನು ವೃದ್ಧನು ಎರಡು ಕಡೆ ತೆರುತ್ತಾನೆ: ಪಿಂಚಣಿಗೆ ಅರ್ಜಿ ಹಾಕಿದಾಗ ವಯಸ್ಸು ಸಾಲದೆಂದು ಹಿಂದಕ್ಕೆ ಕಳುಹಿಸುತ್ತಾರೆ, ಕೆಲಸ ಕೇಳಿದಾಗ ವಯಸ್ಸು ಮೀರಿತೆಂದು ಸಂಬಳ ಇಳಿಸುತ್ತಾರೆ.

ಈ ವೃದ್ಧರು ಎಲ್ಲಿಂದ ಬಂದವರು? ಇವರೆಲ್ಲ ಬಾಳಿನುದ್ದಕ್ಕೂ ಕಾವಲುಗಾರರಾಗಿದ್ದವರೆಂದು ಭಾವಿಸುವುದು ತಪ್ಪು. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಶತಮಾನಕ್ಕೂ ಮೀರಿದ ಕಾಲ ಭೂಗರ್ಭಕ್ಕಿಳಿದು ದುಡಿದ ಮನೆತನಗಳ ಕೊನೆಯ ಪೀಳಿಗೆ ಅಂದು ನಿರುದ್ಯೋಗಿಯಾಯಿತು. ಆಗ ನಲವತ್ತರ ಆಸುಪಾಸಿನಲ್ಲಿದ್ದವನಿಗೆ ಈಗ ಅರವತ್ತೈದು. ಮಾರಿಕುಪ್ಪದಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಬರುವ ಬೆಳಗಿನ ರೈಲುಗಳು ಅಂದಿನಿಂದ ಇಂದಿನವರೆಗೂ ಆ ಊರಿನ ಜನರನ್ನು ರಾಜಧಾನಿಯ ಗೇಟುಗಳಿಗೂ, ಗೋದಾಮುಗಳಿಗೂ, ಆಸ್ಪತ್ರೆಗಳ ಮೊಗಸಾಲೆಗಳಿಗೂ ತಂದು ಇಳಿಸುತ್ತಿವೆ. ಬಿನ್ನಿ ಮತ್ತು ಮಿನರ್ವ ಗಿರಣಿಗಳ ಸೈರನ್ ನಿಂತುಹೋಯಿತು. ಒಂದು ಕಾಲಕ್ಕೆ ಪ್ರತಿಯೊಬ್ಬ ಮದುಮಗನ ಕೈಯಲ್ಲಿಯೂ ಇದ್ದ ಗಡಿಯಾರವನ್ನು ತಯಾರಿಸುತ್ತಿದ್ದ ಎಚ್‌ಎಂಟಿಯ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ದೊಡ್ಡ ಕಾರ್ಖಾನೆಯ ಖಾಯಂ ನೌಕರನಿಗೆ ಹೋಗುವಾಗ ಸ್ವಲ್ಪ ಹಣವಾದರೂ ದೊರೆಯಿತೆನ್ನಬಹುದು. ಅದರ ನೆರಳಿನಲ್ಲಿ ಬದುಕಿದ ಗುತ್ತಿಗೆಯ ಕೂಲಿಗೂ, ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ವರ್ಕ್‌ಶಾಪಿನ ಕೆಲಸಗಾರನಿಗೂ, ಕೊಳವೆಬಾವಿ ಬತ್ತಿ ತುಮಕೂರು ಚಿಕ್ಕಬಳ್ಳಾಪುರಗಳಿಂದ ನಗರ ಸೇರಿದ ಸಣ್ಣ ಹಿಡುವಳಿದಾರನಿಗೂ ಅಷ್ಟೂ ಇರಲಿಲ್ಲ.

ಹೆಂಗಸರ ಕತೆ ಇದಕ್ಕಿಂತ ಕಠಿನ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಗಂಟೆಗಿಷ್ಟು ಪೀಸು ಎಂಬ ಲೆಕ್ಕಕ್ಕೆ ಬಾಗಿ ಹೊಲಿಯುವ ಹೆಣ್ಣುಮಗಳು ನಲವತ್ತೈದು ತಲುಪುವುದರೊಳಗೆ ಕಣ್ಣಿನಿಂದಲೋ, ಬೆನ್ನಿನಿಂದಲೋ ಸೋಲುತ್ತಾಳೆ. ಹಳೆಯವಳನ್ನು ಇಟ್ಟುಕೊಳ್ಳುವ ಇಚ್ಛೆ ಕಾರ್ಖಾನೆಗೂ ಇರುವುದಿಲ್ಲ. ಭವಿಷ್ಯನಿಧಿಯಲ್ಲಿ ಮಾಲೀಕನ ಪಾಲನ್ನು ಐವತ್ತೆಂಟು ತುಂಬುವವರೆಗೆ ತೆಗೆಯಕೂಡದೆಂಬ ನಿಯಮವನ್ನು ಕೇಂದ್ರ ಸರಕಾರ 2016ರಲ್ಲಿ ತಂದಾಗ, ಯಾವ ಮುಂದಾಳುವಿನ ಕರೆಗೂ ಕಾಯದೆ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಲ್ಲಿಯೂ ನಗರದ ಇತರ ಭಾಗಗಳಲ್ಲಿಯೂ ಬೀದಿಗಿಳಿದರು. ಎರಡನೆಯ ದಿನವೇ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ವೃದ್ಧಾಪ್ಯಕ್ಕೆಂದು ಇಡಬೇಕಾದ ಹಣವನ್ನು ಈಗಲೇ ಕೊಡಿರೆಂದು ಕೇಳುವುದು ಅವಿವೇಕವಲ್ಲವೆ ಎಂದು ಅಂದು ಅನೇಕ ಪಂಡಿತರು ತಲೆಯಾಡಿಸಿದರು. ಐವತ್ತೆಂಟರವರೆಗೆ ಈ ಕೆಲಸ ತಮ್ಮನ್ನು ಇಟ್ಟುಕೊಳ್ಳುವುದಿಲ್ಲವೆಂಬ ಸತ್ಯವನ್ನು ಆ ಹೆಂಗಸರು ಪಂಡಿತರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಮಗಳ ಮದುವೆಗೋ, ಗಂಡನ ಔಷಧಕ್ಕೋ ಆ ನಿಧಿ ಕರಗುತ್ತದೆ. ಅನಂತರ ಅದೇ ಕೈಗಳು ಮಾಲ್‌ಗಳ ಶೌಚಾಲಯಗಳಲ್ಲಿ ‘ಹೌಸ್‌ಕೀಪಿಂಗ್’ ಎಂಬ ಹೆಸರಿನಲ್ಲಿ ಒರೆಸುವ ಕೋಲನ್ನು ಹಿಡಿಯುತ್ತವೆ.

ಇನ್ನು ಕಾನೂನಿನ ಕಡೆ ನೋಡೋಣ. ಖಾಸಗಿ ಭದ್ರತಾ ಸಂಸ್ಥೆಗಳನ್ನು ನಿಯಂತ್ರಿಸುವ 2005ರ ಕಾಯಿದೆ, ಅರವತ್ತೈದು ತುಂಬಿದವನನ್ನು ಯಾವ ಏಜೆನ್ಸಿಯೂ ಕಾವಲುಗಾರನಾಗಿ ನೇಮಿಸತಕ್ಕದ್ದಲ್ಲ ಎನ್ನುತ್ತದೆ. ಉದ್ದೇಶ ಸಾಧುವಾದದ್ದೇ, ಕಳ್ಳನನ್ನು ಎದುರಿಸಬೇಕಾದವನಿಗೆ ಮೈಯಲ್ಲಿ ಕಸುವಿರಬೇಕೆಂಬುದು ನ್ಯಾಯ. ಆದರೆ ಹಸಿವು ಕಾಯಿದೆಯನ್ನು ಓದುವುದಿಲ್ಲವಾದುದರಿಂದ, ಅರವತ್ತೈದು ದಾಟಿದವನು ಗೇಟನ್ನು ಬಿಟ್ಟುಹೋಗುವುದಿಲ್ಲ. ಹಾಜರಿ ಪುಸ್ತಕವನ್ನು ಮಾತ್ರ ಬಿಟ್ಟುಹೋಗುತ್ತಾನೆ. ಏಜೆನ್ಸಿಯ ಪಟ್ಟಿಯಲ್ಲಿ ಅವನು ‘ಹೆಲ್ಪರ್’ ಆಗುತ್ತಾನೆ, ಇಲ್ಲವೆ ಮಗನ ಹೆಸರಿನಲ್ಲಿ ನಿಲ್ಲುತ್ತಾನೆ, ಇಲ್ಲವೆ ಏಜೆನ್ಸಿಯೇ ಇಲ್ಲದೆ ನಿವಾಸಿಗಳ ಸಂಘದಿಂದ ನೇರವಾಗಿ, ರಸೀದಿಯಿಲ್ಲದೆ, ಕೈಗೆ ಸಂಬಳ ಪಡೆಯುತ್ತಾನೆ. ಪಟ್ಟಿಯಲ್ಲಿಲ್ಲದವನಿಗೆ ಕನಿಷ್ಠ ವೇತನದ ಮಾತಿಲ್ಲ, ಇಎಸ್‌ಐ ಇಲ್ಲ, ಹೆಚ್ಚಿನ ಹೊತ್ತಿಗೆ ಇಮ್ಮಡಿ ಕೂಲಿಯಿಲ್ಲ. ಪಾಳಿಯಲ್ಲಿ ಬಿದ್ದು ಸೊಂಟ ಮುರಿದರೆ, ಇವನು ನಮ್ಮವನೇ ಅಲ್ಲವೆನ್ನುವುದಕ್ಕೆ ಎಲ್ಲರಿಗೂ ಅನುಕೂಲವಾಗಿರುತ್ತದೆ. ವೃದ್ಧನ ರಕ್ಷಣೆಗೆಂದು ಎಳೆದ ಗೆರೆ, ಅದರಾಚೆ ಅವನಿಗೆ ಅನ್ನದ ಬೇರೊಂದು ದಾರಿಯನ್ನು ಏರ್ಪಡಿಸದ ಕಾರಣ, ಅವನನ್ನು ಎಲ್ಲ ರಕ್ಷಣೆಯಿಂದಲೂ ಹೊರಹಾಕುವ ಗೆರೆಯಾಗಿದೆ.

ಹಾಗಾದರೆ ಪಿಂಚಣಿಯಿಲ್ಲವೆ? ಉಂಟು; ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಬಡ ವೃದ್ಧರಿಗಾಗಿ ಕೇಂದ್ರ ಸರಕಾರ ನಡೆಸುವ ಪಿಂಚಣಿ ಯೋಜನೆಯಲ್ಲಿ ಎಂಬತ್ತರ ಒಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಈ ಮೊತ್ತ ನಿಶ್ಚಯವಾದದ್ದು 2006ರ ಸುಮಾರಿಗೆ; ಅಕ್ಕಿ, ಬೇಳೆ, ಬಾಡಿಗೆ, ಔಷಧಗಳೆಲ್ಲ ಅಂದಿನಿಂದ ಎಲ್ಲಿಗೆ ಏರಿದರೂ ಇದು ಇದ್ದಲ್ಲಿಯೇ ಇದೆ. ದಿನಕ್ಕೆ ಏಳು ರೂಪಾಯಿಯೂ ಆಗದ ಈ ದ್ರವ್ಯದಿಂದ ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಲೋಟ ಕಾಫಿ ಸಿಗುವುದಿಲ್ಲ. ಕರ್ನಾಟಕವು 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆ ಅರವತ್ತೈದು ತುಂಬಿದವರಿಗೆ. 2021ರಲ್ಲಿ ಅದನ್ನು 1,000 ರೂಪಾಯಿಯಿಂದ 1,200ಕ್ಕೆ ಏರಿಸಲಾಯಿತು. ಕೇಂದ್ರದ ಪಾಲಿಗೆ ಹೋಲಿಸಿದರೆ ಇದು ಉದಾರವೆಂದೇ ತೋರುತ್ತದೆ. ಆದರೂ ದಿನಕ್ಕೆ ನಲವತ್ತು ರೂಪಾಯಿ. ಅದು ಕೂಡ ಆದಾಯದ ಮಿತಿಯನ್ನು ದಾಟದವರಿಗೆ, ಕಾಗದಪತ್ರಗಳನ್ನು ಹೊಂದಿಸಬಲ್ಲವರಿಗೆ, ಜೀವಮಾನವೆಲ್ಲ ಇಟ್ಟಿಗೆ ಹೊತ್ತು ಗೆರೆಯಳಿದ ಹೆಬ್ಬೆರಳನ್ನು ಯಂತ್ರವು ಗುರುತಿಸಿದರೆ. ‘ಥಂಬ್ ಬರ್ತಿಲ್ಲ, ನಾಳೆ ಬನ್ನಿ ಅಜ್ಜಿ’ ಎಂಬ ಮಾತನ್ನು ಕೇಳದ ಬಡ ಮುದುಕಿ ನಮ್ಮ ರಾಜ್ಯದಲ್ಲಿ ವಿರಳ.

ಭವಿಷ್ಯನಿಧಿಗೆ ಸೇರಿದ ನೌಕರನ ಸ್ಥಿತಿಯಾದರೂ ಮೇಲೆ? 1995ರ ನವೆಂಬರಿನಲ್ಲಿ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ ಸೂತ್ರ ಸರಳವಾದದ್ದು: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಬೇಕು. 2014ರ ಸೆಪ್ಟೆಂಬರಿನಿಂದ ಆ ಸಂಬಳದ ಮಿತಿ 15,000 ರೂಪಾಯಿ. ಆ ಮಿತಿಯಷ್ಟೂ ಸಂಬಳದ ಮೇಲೆ ಹತ್ತು ವರ್ಷ ವಂತಿಗೆ ಸಂದಿದ್ದರೆ ಅವನ ಪಿಂಚಣಿ ತಿಂಗಳಿಗೆ 2,143 ರೂಪಾಯಿ. ಕನಿಷ್ಠ ಪಿಂಚಣಿಯೆಂದು ಅದೇ ವರ್ಷ ಗೊತ್ತುಪಡಿಸಿದ್ದು 1,000 ರೂಪಾಯಿ; ಅದನ್ನು ಹೆಚ್ಚಿಸಬೇಕೆಂದು ದೇಶದ ನಾನಾ ಊರುಗಳಲ್ಲಿ ವೃದ್ಧ ಪಿಂಚಣಿದಾರರು ಬಿಸಿಲಿನಲ್ಲಿ ಕುಳಿತು ಧರಣಿ ಮಾಡಿದ್ದಾರೆ. ಹತ್ತು ವರ್ಷ ತುಂಬದವನಿಗೆ ತಿಂಗಳ ಪಿಂಚಣಿಯೇ ಇಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಟೆಂಡರು ಬದಲಾಗಿ, ಟೆಂಡರಿನೊಡನೆ ಏಜೆನ್ಸಿ ಬದಲಾಗಿ, ಏಜೆನ್ಸಿಯೊಡನೆ ಪಿಎಫ್ ಸಂಖ್ಯೆ ಬದಲಾಗಿ, ಒಂದರಲ್ಲಿ ತಂದೆಯ ಹೆಸರೂ ಇನ್ನೊಂದರಲ್ಲಿ ಊರಿನ ಹೆಸರೂ ಸೇರಿಕೊಂಡು, ಮೊದಲ ಖಾತೆ ಎರಡನೆಯದನ್ನು ಗುರುತಿಸದೆ, ಇಪ್ಪತ್ತು ವರ್ಷ ದುಡಿದವನೂ ಕಾಗದದ ಮೇಲೆ ಹತ್ತು ವರ್ಷ ತೋರಿಸಲಾರದೆ ಹೋಗುವುದು ಸಾಮಾನ್ಯ ಸಂಗತಿ. 2015ರ ಅಟಲ್ ಪಿಂಚಣಿಯೂ, ಅಸಂಘಟಿತ ಕಾರ್ಮಿಕರಿಗೆಂದು 2019ರಲ್ಲಿ ಬಂದ ಶ್ರಮಯೋಗಿ ಯೋಜನೆಯೂ ಪ್ರವೇಶಕ್ಕೆ ನಲವತ್ತರ ಮಿತಿಯನ್ನಿಟ್ಟಿವೆ. ಇಂದು ಅರವತ್ತೈದರಲ್ಲಿರುವವನಿಗೆ ಆ ಬಾಗಿಲುಗಳು ತೆರೆಯುವ ಮುನ್ನವೇ ಮುಚ್ಚಿಹೋಗಿದ್ದವು.

ಈ ವಿಚಾರವನ್ನು ಎತ್ತಿದಾಗ ಸಜ್ಜನರಿಂದ ಎರಡು ಆಕ್ಷೇಪಗಳು ಬರುವುದುಂಟು. ಮೊದಲನೆಯದು, ದುಡಿಮೆ ಆರೋಗ್ಯಕ್ಕೆ ಒಳ್ಳೆಯದು, ಸುಮ್ಮನೆ ಕುಳಿತರೆ ಮುದುಕರು ಬೇಗ ಕುಗ್ಗುತ್ತಾರೆ, ನಮ್ಮದು ಕಾಯಕವನ್ನು ಪೂಜಿಸಿದ ನಾಡು ಎಂಬುದು. ಇದರಲ್ಲಿ ಸತ್ಯವಿಲ್ಲದಿಲ್ಲ. ಎಪ್ಪತ್ತರಲ್ಲಿ ತೋಟದಲ್ಲಿ ಪಾತಿ ಮಾಡುವ ರೈತನನ್ನೋ, ಕೋರ್ಟಿಗೆ ಹೋಗುವ ವಕೀಲನನ್ನೋ, ಮಗ್ಗದ ಮುಂದೆ ಕುಳಿತ ನೇಕಾರನನ್ನೋ ಕಂಡು ಕನಿಕರಪಡಬೇಕಾದದ್ದೇನೂ ಇಲ್ಲ. ತನ್ನ ಹೊತ್ತಿಗೆ ಅವನೇ ಒಡೆಯ, ದಣಿದಾಗ ಏಳುವ ಸ್ವಾತಂತ್ರ್ಯ ಅವನಿಗಿದೆ. ಮೊಳಕಾಲು ಊದಿದ ರಾತ್ರಿಯಲ್ಲಿಯೂ ಒಂದು ದಿನದ ರಜೆ ಕೇಳಿದರೆ ಎರಡು ದಿನದ ಸಂಬಳ ಹಿಡಿಯುವ ಏಜೆನ್ಸಿಯ ಕೈಕೆಳಗೆ ಕುಳಿತವನ ದುಡಿಮೆಗೆ ಕಾಯಕದ ಪಾವಿತ್ರ್ಯವನ್ನು ಆರೋಪಿಸುವುದು ಶರಣರಿಗೆ ಮಾಡುವ ಅಪಚಾರವೇ ಸರಿ. ಕಾಯಕದ ಜೊತೆಯಲ್ಲಿಯೇ ದಾಸೋಹವನ್ನೂ ಹೇಳಿದ ಮಹನೀಯರು ಅವರು. ಮೊದಲನೆಯದನ್ನು ಬಡವನಿಗೆ ಬೋಧಿಸಿ ಎರಡನೆಯದನ್ನು ನಮಗೆ ಅನ್ವಯಿಸದೆ ಉಳಿಸಿಕೊಳ್ಳುವುದು ಧರ್ಮವಲ್ಲ.

ಎರಡನೆಯ ಆಕ್ಷೇಪ, ತಂದೆತಾಯಿಗಳನ್ನು ಸಾಕುವುದು ಮಕ್ಕಳ ಹೊಣೆ, ಸರಕಾರಕ್ಕೂ ನೆರೆಯವರಿಗೂ ಇದರಲ್ಲಿ ಕೆಲಸವೇನು ಎಂಬುದು. ಹೊಣೆಯೆಂಬುದು ನಿಜ; ಅದನ್ನು ಮರೆತ ಮಕ್ಕಳಿಂದ ಜೀವನಾಂಶ ಕೊಡಿಸುವುದಕ್ಕೆ 2007ರ ಹಿರಿಯ ನಾಗರಿಕರ ಕಾಯಿದೆಯೇ ಇದೆ. ಆದರೆ ಆ ಕಾಯಿದೆ ನೆರವಾಗುವುದು ಇದ್ದೂ ಕೊಡದ ಮಕ್ಕಳ ವಿಷಯದಲ್ಲಿ. ಗೇಟಿನ ಮುದುಕನ ಮಗ ಎಷ್ಟೋ ಸಲ ಇನ್ನೊಂದು ಗೇಟಿನಲ್ಲಿಯೋ, ಡೆಲಿವರಿಯ ಬೈಕಿನ ಮೇಲೆಯೋ ಇದ್ದಾನೆ. ಅವನ ಮನೆಬಾಡಿಗೆಗೆ ತಂದೆಯ ಸಂಬಳ ಸೇರದಿದ್ದರೆ ಮೊಮ್ಮಗಳ ಶಾಲೆಯ ಫೀಜು ನಿಲ್ಲುತ್ತದೆ. ಇಲ್ಲಿ ತಂದೆಯೇ ಇನ್ನೂ ಮಗನನ್ನು ಸಾಕುತ್ತಿದ್ದಾನೆ. ಬಡತನವನ್ನು ಕೃತಘ್ನತೆಯೆಂದು ತಪ್ಪಾಗಿ ತಿಳಿದು ತೀರ್ಪು ಕೊಡುವ ಅವಸರ ನಮಗೆ ಬೇಡ.

ವೃದ್ಧಾಪ್ಯಕ್ಕೆ ಸಮಾಜವೇ ಆಧಾರವಾಗಬೇಕೆಂಬ ಭಾವನೆ ಯಾವ ದೇಶದಲ್ಲಿಯೂ ತಾನಾಗಿ ಹುಟ್ಟಿದ್ದಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕನು 1889ರಲ್ಲಿ ಕಾರ್ಮಿಕರಿಗೆ ವೃದ್ಧಾಪ್ಯದ ವಿಮೆಯನ್ನು ಏರ್ಪಡಿಸಿದ್ದು ಕೇವಲ ಕರುಣೆಯಿಂದಲ್ಲ. ಸಮಾಜವಾದಿಗಳ ಬಲವನ್ನು ಕುಗ್ಗಿಸುವ ರಾಜನೀತಿಯೂ ಅದರಲ್ಲಿತ್ತು. ಬ್ರಿಟನ್ನಿನ 1908ರ ಕಾಯಿದೆ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗಿನವರೆಗೆ ಪಿಂಚಣಿ ಕೊಟ್ಟಿತು. ಅದಕ್ಕೆ ಮುನ್ನ ಅಲ್ಲಿಯ ಮುದುಕರ ಗತಿ ಬಡವರ ದುಡಿಮೆಮನೆಯಾಗಿತ್ತು. ನಮ್ಮ ಸಂವಿಧಾನದ 41ನೆಯ ಅನುಚ್ಛೇದವು ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆಗಳಲ್ಲಿ ಸಾರ್ವಜನಿಕ ನೆರವನ್ನು ಒದಗಿಸುವಂತೆ ರಾಜ್ಯಕ್ಕೆ ನಿರ್ದೇಶ ನೀಡುತ್ತದೆ. ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತೂ ಅಲ್ಲಿಯೇ ಇದೆ. ಆದರೆ 1950ರ ಸಾಮರ್ಥ್ಯಕ್ಕೂ ಇಂದಿನ ಸಾಮರ್ಥ್ಯಕ್ಕೂ ಇರುವ ಅಂತರವನ್ನು ನಮ್ಮ ಮುಂದಾಳುಗಳೇ ದಿನವೂ ವೇದಿಕೆಗಳಿಂದ ಸಾರುತ್ತಿರುವಾಗ, ವೃದ್ಧರ ಪಾಲಿಗೆ ಮಾತ್ರ ಹಳೆಯ ಬಡತನವನ್ನು ನೆನಪಿಸುವುದು ಸಲ್ಲದು.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದು. ಪಿಂಚಣಿಯ ಪ್ರಯೋಜನ ಮುದುಕರನ್ನು ಮನೆಯಲ್ಲಿ ಕೂರಿಸುವುದೆಂದು ಭಾವಿಸಿ ನಾವು ಅದರ ಬೆಲೆಯನ್ನು ಕಡಮೆಯಾಗಿ ಕಟ್ಟಿದ್ದೇವೆ. ಹೊಟ್ಟೆಗೆ ಸಾಲುವಷ್ಟು ಪಿಂಚಣಿ ಬರುವವನು ಕೆಲಸವನ್ನು ಬಿಡಲೇಬೇಕೆಂದಿಲ್ಲ. ಆದರೆ ಹನ್ನೆರಡು ಗಂಟೆಯ ಪಾಳಿ ತನ್ನಿಂದಾಗದು, ಆರು ಗಂಟೆಯಾದರೆ ಬರುತ್ತೇನೆ ಎನ್ನುವ ಬಲ ಅವನಿಗೆ ಬರುತ್ತದೆ. ರಾತ್ರಿ ಬೇಡ ಹಗಲು ಕೊಡಿ, ಮರ್ಯಾದೆಯಿಂದ ಮಾತಾಡಿಸಿ, ತಿಂಗಳ ಏಳನೆಯ ತಾರೀಕಿನೊಳಗೆ ಸಂಬಳ ಹಾಕಿ ಎಂದು ಕೇಳುವ ನಾಲಗೆ ಬರುತ್ತದೆ. ಬೇಡವೆನ್ನಲಾರದವನ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಒಪ್ಪಂದವೆಂಬ ಹೆಸರು ಒಪ್ಪುವುದಿಲ್ಲ. ಅಂತಹ ವೃದ್ಧನೊಬ್ಬನು ಅತ್ಯಲ್ಪ ಸಂಬಳಕ್ಕೆ ಒಪ್ಪಿಕೊಂಡಾಗ ಅವನ ಪಕ್ಕದ ತರುಣನ ಕೂಲಿಯೂ ಕುಸಿಯುತ್ತದೆಯಾದುದರಿಂದ, ಮುದುಕರ ಪಿಂಚಣಿ ಯುವಕರ ಸಂಬಳದ ಪ್ರಶ್ನೆಯೂ ಹೌದು.

ಆದುದರಿಂದ ಮಾಡತಕ್ಕ ಕಾರ್ಯಗಳು ಸ್ಪಷ್ಟವಾಗಿವೆ. ಕೇಂದ್ರವು ತನ್ನ ಇನ್ನೂರು ರೂಪಾಯಿಯ ಲಜ್ಜಾಸ್ಪದವಾದ ಪಾಲನ್ನು ಕೂಡಲೇ ಏರಿಸಿ, ಆಮೇಲೆ ಬೆಲೆಸೂಚ್ಯಂಕದೊಡನೆ ಅದು ತಾನಾಗಿಯೇ ಏರುವಂತೆ ಮಾಡಬೇಕು. ಸರಕಾರಿ ನೌಕರನ ತುಟ್ಟಿಭತ್ಯಕ್ಕೆ ಇರುವ ನ್ಯಾಯ ಸಂಧ್ಯಾ ಸುರಕ್ಷೆಯ ಅಜ್ಜಿಗೂ ಇರಬೇಕು. ನೌಕರರ ಪಿಂಚಣಿಯ ಸಾವಿರ ರೂಪಾಯಿಯ ಕನಿಷ್ಠಕ್ಕೂ ಇದೇ ಮಾತು. ಅರವತ್ತೈದು ದಾಟಿದವರಿಗೆ ಕಾವಲಿನ ಕೆಲಸ ಕೂಡದೆಂದಾದರೆ, ಸ್ವಾಗತದ ಮೇಜು, ಅಂಚೆ ಪಾರ್ಸಲುಗಳ ಲೆಕ್ಕ, ಉದ್ಯಾನದ ಮೇಲ್ವಿಚಾರಣೆ ಮುಂತಾದ ಹಗುರ ಕೆಲಸಗಳನ್ನು ಅವರಿಗಾಗಿ ಗುರುತಿಸಿ, ದಿನಕ್ಕೆ ಆರು ಗಂಟೆಯ ಮಿತಿಯೊಡನೆ, ಗಂಟೆಯ ಲೆಕ್ಕದ ಕನಿಷ್ಠ ವೇತನದೊಡನೆ, ಅವರ ಹೆಸರು ಪಟ್ಟಿಯಲ್ಲಿರುವಂತೆ ನಿಯಮ ರೂಪಿಸುವುದು ರಾಜ್ಯ ಸರಕಾರಕ್ಕೆ ಕಷ್ಟವಾಗಲಾರದು. ಇಎಸ್‌ಐ ಸದಸ್ಯನಾಗಿ ಐದು ವರ್ಷಕ್ಕೆ ಕಡಮೆಯಿಲ್ಲದೆ ಇದ್ದು ವಯೋನಿವೃತ್ತನಾದವನು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡಹೆಂಡಿರಿಬ್ಬರಿಗೂ ವೈದ್ಯಕೀಯ ನೆರವು ದೊರೆಯುವ ಏರ್ಪಾಡು ಈಗಲೂ ಇದೆ. ಅದನ್ನು ತಿಳಿಸಿಹೇಳುವವರಿಲ್ಲದೆ ಎಷ್ಟೋ ಮಂದಿ ಅದನ್ನು ಕಳೆದುಕೊಳ್ಳುತ್ತಾರೆ. ಕೆಲಸ ಬಿಡಿಸುವ ದಿನ ಆ ಅರ್ಜಿಯನ್ನು ಭರ್ತಿಮಾಡಿ ಕೈಯಲ್ಲಿಡುವುದು ಮಾಲೀಕನ ಕರ್ತವ್ಯವೆಂದು ವಿಧಿಸಬೇಕು.

ಸರಕಾರ ಮಾಡುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಉಂಟು. ಅವು ಈ ಪತ್ರಿಕೆಯನ್ನು ಓದುತ್ತಿರುವ ನಮ್ಮಂಥವರ ಕೈಯಲ್ಲಿವೆ. ನಿಮ್ಮ ಅಪಾರ್ಟ್‌ಮೆಂಟಿನ ಸಂಘದ ಮುಂದಿನ ಸಭೆಯಲ್ಲಿ ಏಜೆನ್ಸಿಯ ಬಿಲ್ಲನ್ನು ತರಿಸಿ ನೋಡಿರಿ: ನೀವು ತಲೆಗೆ ಎಷ್ಟು ಕೊಡುತ್ತೀರಿ, ಗೇಟಿನವನ ಕೈಗೆ ಎಷ್ಟು ತಲುಪುತ್ತದೆ, ಪಿಎಫ್ ಎಂದು ಹಿಡಿದದ್ದು ಅವನ ಖಾತೆಗೆ ಹೋಗಿದೆಯೆ, ವಾರಕ್ಕೊಂದು ರಜೆ ಇದೆಯೆ, ರಾತ್ರಿ ಕೂರಲು ನೆಟ್ಟಗಿನ ಕುರ್ಚಿಯೂ ಹತ್ತಿರದಲ್ಲಿ ಶೌಚಾಲಯವೂ ಇವೆಯೆ ಎಂದು ಕೇಳಿರಿ. ಎಲ್ಲಕ್ಕಿಂತ ಕಡಮೆ ದರ ಹೇಳಿದ ಏಜೆನ್ಸಿಗೆ ಟೆಂಡರು ಕೊಟ್ಟು ಉಳಿಸಿದ ಹಣ ಆ ಮುದುಕನ ಸಂಬಳದಿಂದಲೇ ಉಳಿದದ್ದು. ಮೂರು ಪಾಳಿಗೆ ಮೂವರನ್ನಿಟ್ಟರೆ ಮನೆಯೊಂದಕ್ಕೆ ತಿಂಗಳಿಗೆ ಬೀಳುವ ಹೆಚ್ಚಿನ ವೆಚ್ಚವನ್ನು ಕಾಗದದ ಮೇಲೆ ಬರೆದು ನೋಡಿರಿ. ನೂರು ಮನೆಗಳ ಸಮುಚ್ಚಯದಲ್ಲಿ ಅದು ಒಂದು ಹೊತ್ತಿನ ಹೋಟೆಲ್ ಊಟದ ಬಿಲ್ಲನ್ನು ಮೀರುವುದಿಲ್ಲ. ಅಷ್ಟನ್ನು ಕೊಡಲು ಒಪ್ಪದವರು ವೃದ್ಧರ ವಿಷಯದಲ್ಲಿ ಸರಕಾರವನ್ನು ದೂರುವ ಅಧಿಕಾರವನ್ನು ಕಳೆದುಕೊಳ್ಳುತ್ತಾರೆ.